ಸಾಯಿಸೋ ಗುಳಿಗಿ

ಹೇಮಾಳ ರಕ್ತದಲ್ಲಿ ಔಷಧದ ಅಂಶವೇ ಇಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಫೋನಿನಲ್ಲಿ ಹೇಳಿದಾಗ ನಾನು ಹಾನಗಲ್ಲಿನ ನಮ್ಮ ಹೈಸ್ಕೂಲಿನ ವರಾಂಡದಲ್ಲಿ ನಿಂತಿದ್ದೆ.

"ಗುಳಿಗಿ ದಿನಾ ಕೊಡಾಕತ್ತೀರಲ್ರಿ?"

"ಕೊಡಾಕತ್ತೇವ್ರಿ," ಅಂದೆ. ಕೊಡುವವಳು ನಾನಲ್ಲ, ನಮ್ಮ ಅತ್ತೆ ಎಂದು ಹೇಳಲಿಲ್ಲ.

ಹೇಮಾ ನನ್ನ ಮಗಳು, ಆರು ವರ್ಷ. ಅವಳ ಕುತ್ತಿಗೆಯ ಎರಡೂ ಬದಿ ಹುಣಸೆಬೀಜದಷ್ಟಿದ್ದ ಗಂಟುಗಳು ವರ್ಷದೊಳಗೆ ನಿಂಬೆಕಾಯಿಯಷ್ಟಾದವು. ಕ್ಯಾನ್ಸರ್ ಅಲ್ಲ ಎಂದು ಗೊತ್ತಾದ ದಿನ ಆಸ್ಪತ್ರೆಯಲ್ಲೇ ಅತ್ತುಬಿಟ್ಟಿದ್ದೆ. ಕೆಲಸ ಮುಗಿಸಿದ ರಕ್ತದ ಜೀವಕೋಶಕ್ಕೆ ಇನ್ನು ಸಾಯಿ ಎಂದು ದೇಹವೇ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಕೋಶದ ಮೈಮೇಲೆ ಗ್ರಾಹಕ ಎಂಬುದೊಂದು ಇರುತ್ತದೆ. ಹೇಮಾಳಲ್ಲಿ ಅದು ಹುಟ್ಟಿನಿಂದಲೇ ಕೆಟ್ಟಿದೆ. ಹಾಗಾಗಿ ಹಳೆಯ ಕೋಶಗಳು ಸಾಯದೆ ಗಂಟುಗಟ್ಟಿ ಕೂತಿವೆ. ಗುಳಿಗೆ ತಪ್ಪಿದರೆ ಅವು ಒಳ್ಳೆಯ ರಕ್ತವನ್ನೇ ತಿಂದುಹಾಕಬಹುದು, ಜೀವಕ್ಕೇ ಅಪಾಯ ಎಂದು ಡಾಕ್ಟರು ಎಚ್ಚರಿಸಿದ್ದರು.

ಇದನ್ನೆಲ್ಲ ಅತ್ತೆ ಶಿವಬಸವ್ವನವರಿಗೆ ವಿವರಿಸಿದ್ದು ನಾನೇ, ವಿಜ್ಞಾನ ಕಲಿಸುವವಳೆಂಬ ಠೇಂಕಾರದಿಂದ. "ಹೇಮಾನ ಕೋಶ ಸಾಯಂಗಿಲ್ರಿ," ಅಂದದ್ದೇ ತಡ, ಅವರು ಖುಷಿಯಿಂದ ಓಣಿಗೆಲ್ಲ ಸಕ್ಕರೆ ಹಂಚಿ ಬಂದರು. "ಅದ ರೋಗ ಐತ್ರಿ. ಸಾಯಬೇಕು. ಈ ಗುಳಿಗಿ ಸಾಯಸ್ತೈತಿ," ಎಂದು ತಿದ್ದಿದೆ. ಅವರು ಉಳಿದ ಸಕ್ಕರೆಯನ್ನು ಒಳಗಿಟ್ಟರು. ತಿಳಿಯಿತು ಅಂದುಕೊಂಡು, ಮಧ್ಯಾಹ್ನ ಊಟದ ಮೇಲೆ ಕೊಡುವ ಗುಳಿಗೆಯ ಡಬ್ಬಿಯನ್ನು ಅವರ ಕೈಗಿಟ್ಟೆ. ನನ್ನಂಥ ಜಾಣೆ ತಾಲ್ಲೂಕಿಗೊಬ್ಬಳೇ.

ನಮ್ಮೂರು ಅಕ್ಕಿಆಲೂರಿನ ಬಸ್ಸು ಅವತ್ತು ಊರೂರಿಗೂ ನಿಂತಿತು. ಮನೆ ತಲುಪಿದಾಗ ಹೇಮಾ ಪಡಸಾಲೆಯಲ್ಲಿ ಮಲಗಿದ್ದಳು. ತುಟಿ ಬಿಳಚಿಕೊಂಡಿತ್ತು, ಅಥವಾ ನನ್ನ ಹೆದರಿಕೆಗೆ ಹಾಗೆ ಕಂಡಿತು.

"ಅತ್ತಿ, ಗುಳಿಗಿ ಏನ್ ಮಾಡೀರಿ?"

"ದಿನಾ ಒಂದೊಂದು ತಿಪ್ಪಿಗೆ ಹಾಕೇನಿ."

ನಾನು ಕೂಗಾಡಿದೆ. ಏನೇನು ಅಂದೆನೋ, ಬರೆಯಲು ನಾಚಿಕೆ. ಅತ್ತೆ ಎಲ್ಲ ಕೇಳಿಸಿಕೊಂಡು ಸೆರಗಿನಿಂದ ಮೂಗು ಒರೆಸಿಕೊಂಡರು.

"ನಿನ್ನ ಗಂಡಗ ಒಬ್ಬ ಅಣ್ಣ ಇದ್ದ. ಉಳಿವೆಪ್ಪ. ನಾಕು ವರ್ಷದಾಂವ. ಅವನ ಕುತಿಗೀನೂ ಹಿಂಗ ಬಾತಿತ್ತು. ಯಾರೋ ಔಷಧ ಕೊಟ್ರು, ನನ್ನ ಕೈಲೆ ಕುಡಿಸಿದ್ನಿ. ಮೂರನೇ ದಿನಕ್ಕ ಹ್ವಾದ. ಈಗ ನೀ ಸಾಯಿಸೋ ಗುಳಿಗಿ ಅಂತ ಹೇಳಿ ನನ್ನ ಕೈಯಾಗ ಕೊಟ್ಟಿ. ಹೆಂಗ ಕೊಡ್ಲಿ?"

ಈ ಮನೆಗೆ ಸೊಸೆಯಾಗಿ ಬಂದು ಒಂಬತ್ತು ವರ್ಷ. ಉಳಿವೆಪ್ಪನ ಹೆಸರು ಕೇಳಿದ್ದು ಅವತ್ತೇ. ಸಿಟ್ಟೆಲ್ಲ ಇಳಿದುಹೋಯಿತು, ಭಯ ಮಾತ್ರ ಇಮ್ಮಡಿಯಾಯಿತು. ರೋಗ ಈ ಮನೆತನದಲ್ಲೇ ಇತ್ತು, ಒಂದು ಕೂಸನ್ನು ಆಗಲೇ ಒಯ್ದಿತ್ತು.

"ಮತ್ತೊಮ್ಮೆ ಹೇಳು," ಅಂದರು ಅತ್ತೆ. "ಸಾಯೋ ಮಾತು ಬಿಟ್ಟು ಹೇಳು."

ನಲವತ್ತು ಮಕ್ಕಳಿಗೆ ಪಾಠ ಮಾಡುವ ನಾಲಿಗೆ ತಡವರಿಸಿತು. "ಕೆಲಸ ಮುಗಿದ ಮ್ಯಾಲೆ ಅವು ಹೋಗಬೇಕ್ರಿ. ಹೋಗ್ರಿ ಅಂದ್ರ ಅವಕ್ಕ ಕೇಳಸಂಗಿಲ್ಲ. ಇಕಿ ಕುತಿಗ್ಯಾಗ ಕುಂತಬಿಟ್ಟಾವ. ಗುಳಿಗಿ ಅವನ್ನ ಕಳಸ್ತೈತಿ, ಹೇಮಾನ್ನ ಉಳಸ್ತೈತಿ."

ಅತ್ತೆ ಹೇಮಾಳ ಪಕ್ಕ ಕೂತು ಕುತ್ತಿಗೆಯ ಗಂಟನ್ನು ಬಹಳ ಹೊತ್ತು ಸವರಿದರು. "ಹೋಗು ಅಂದ್ರೂ ಹೋಗವಲ್ವು ಇವು," ಅಂದರು. "ನನ್ನ ಕೂಸು ಯಾರೂ ಹೋಗು ಅನ್ನದನ ಹ್ವಾದ."

ನಾನು ಡಾಕ್ಟರಿಗೆ ಫೋನು ಹಚ್ಚಿ ನಿಜ ಹೇಳಿದೆ. ಇವತ್ತಿನದನ್ನು ಈಗಲೇ ಕೊಡಿ, ನಾಳೆ ಮಗುವನ್ನು ಕರೆತನ್ನಿ ಎಂದರು. ಡಬ್ಬಿಯಲ್ಲಿ ಉಳಿದಿದ್ದ ಪಟ್ಟಿಯಿಂದ ಒಂದು ಗುಳಿಗೆ ಬಿಡಿಸಿದೆ. ಅತ್ತೆ ಕೈ ಚಾಚಿ ಅದನ್ನು ಇಸಿದುಕೊಂಡು, ಹೇಮಾಳನ್ನು ಎಬ್ಬಿಸಿ ಕೂರಿಸಿ, ತಾವೇ ಬಾಯಿಗಿಟ್ಟು ನೀರು ಕುಡಿಸಿದರು. ನುಂಗಿದಳೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು.

"ಶೀಲಾ, ಇನ್ನ ಮೂರು ದಿನ ನೀ ಸಾಲಿಗೆ ಹೋಗಬ್ಯಾಡವಾ. ನನ್ನ ಬಾಜೂಕ ಇರು."