ಅಣ್ಣನ ಹೆಸರಿನ ಕಾರು

ಕೃಷ್ಣಗಿರಿಯಲ್ಲಿ ಹಳೆಯ ಶಿಷ್ಯನೊಬ್ಬನ ಮಗಳ ಮದುವೆ ಮುಗಿಸಿಕೊಂಡು ನಾನು ಹೊಸೂರಿನ ಬಸ್ ನಿಲ್ದಾಣದಲ್ಲಿ ಇಳಿದಾಗ ಸಂಜೆ ನಾಲ್ಕೂವರೆ. ಮಳೆ ಆಗಷ್ಟೇ ನಿಂತಿತ್ತು. ತಮ್ಮ ಅನಂತ ಕಾರು ತಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿದ್ದ. ಹೇಳಿದ ಹೊತ್ತಿಗೆ ಬಾರದವನಲ್ಲ. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಐದರ ಮೇಲೆ ನಮ್ಮ ಎದುರು ಮನೆಯ ಮುನಿವೆಂಕಟಪ್ಪ ಸ್ಕೂಟರಿನಲ್ಲಿ ಬಂದ. ಅಂಗಿಯೆಲ್ಲ ನೆನೆದು ಮೈಗೆ ಅಂಟಿತ್ತು.

"ಮೇಷ್ಟ್ರೇ, ಹಿಂದೆ ಕೂತ್ಕಳಿ."

"ಅನಂತ ಬರ್ತೀನಿ ಅಂದಿದ್ದನಲ್ಲಪ್ಪ?"

"ಅವ್ರು ಬರಲ್ಲ ಮೇಷ್ಟ್ರೇ. ಕೂತ್ಕಳಿ," ಎಂದವನು ಹೆಗಲ ಮೇಲಿನ ಟವೆಲಿನಿಂದ ಮುಖ ಮುಚ್ಚಿಕೊಂಡ.

ನನಗೆ ತಿಳಿಯಿತು. ತಿಳಿದ ಮೇಲೂ, "ಕಾರಿಗೆ ಏನಾದರೂ ಆಯಿತೇ?" ಎಂದು ಕೇಳಿದೆ. ಯಾಕೆ ಹಾಗೆ ಕೇಳಿದೆನೋ ಇವತ್ತಿಗೂ ಗೊತ್ತಿಲ್ಲ.

ಆಗಿದ್ದು ಇಷ್ಟು. ನನ್ನನ್ನು ಕರೆತರಲು ಅನಂತ ಕಾರನ್ನು ಬೀದಿಗೆ ತೆಗೆದಿದ್ದ. ಅಷ್ಟರಲ್ಲಿ ಗಾಳಿ ಎದ್ದು ಆಲಿಕಲ್ಲು ಬೀಳತೊಡಗಿತು. ಗಾಜು ಒಡೆದೀತೆಂದು ಕಾರನ್ನು ಮತ್ತೆ ಕಾಂಪೌಂಡಿನೊಳಗೆ ತಂದು ನಿಲ್ಲಿಸಿದ. ಇಳಿಯುವುದರೊಳಗೆ ಪಕ್ಕದ ಖಾಲಿ ಸೈಟಿನ ನೀಲಗಿರಿ ಮರ ಬುಡಸಹಿತ ಕಿತ್ತುಕೊಂಡು ಗೋಡೆಯ ಮೇಲೂ ಮುಂದಿನ ಕೋಣೆಯ ಮೇಲೂ ಕಾರಿನ ಮೇಲೂ ಬಿತ್ತು. ಅವನಿಗೆ ಐವತ್ತೊಂಬತ್ತು, ನನಗಿಂತ ಹದಿನೈದು ವರ್ಷ ಚಿಕ್ಕವನು. ಅಪ್ಪ ಬೇಗ ಹೋದದ್ದರಿಂದ ಅವನ ಉಪನಯನ, ಮದುವೆ ಎಲ್ಲವನ್ನೂ ನಾನೇ ಮಾಡಿಸಿದ್ದೆ. ಗಂಡುಮಕ್ಕಳಿಲ್ಲದ ಅವನ ಅಪರಕ್ರಿಯೆಯೂ ನನ್ನ ಕೈಯಿಂದಲೇ ಆಗಬೇಕಾಯಿತು. ಹಿರಿಯನು ಕಿರಿಯನಿಗೆ ಪಿಂಡ ಇಡುವಾಗ ಪುರೋಹಿತರು ಮಂತ್ರವನ್ನು ಎರಡು ಸಲ ಹೇಳಿಕೊಡಬೇಕಾಯಿತು. ನನ್ನ ಕಿವಿಗೆ ಏನೂ ಬೀಳುತ್ತಿರಲಿಲ್ಲ.

ಮೂರನೆಯ ದಿನ ವಿಮೆ ಕಂಪನಿಯಿಂದ ಒಬ್ಬರು ನಷ್ಟ ನೋಡಲು ಬಂದರು. ಮುರಿದ ಗೋಡೆಯನ್ನೂ ಜಜ್ಜಿಹೋದ ಕಾರನ್ನೂ ಸುತ್ತಿ ಫೋಟೋ ತೆಗೆದುಕೊಂಡರು. "ವಂಡಿ ಯಾರ್ ಪೇರ್‌ಲ ಇರುಕ್ಕು?" ಎಂದು ತಮಿಳಿನಲ್ಲಿ ಕೇಳಿದರು, ಗಾಡಿ ಯಾರ ಹೆಸರಿನಲ್ಲಿದೆ ಎಂದು. ನನ್ನ ಹೆಸರಿನಲ್ಲಿ ಎಂದೆ. ಮನೆ? ಅದೂ ನನ್ನ ಹೆಸರಿನಲ್ಲಿ. ಅವರು ಬರೆದುಕೊಂಡು ಒಂದು ಕ್ಷಣ ನನ್ನ ಮುಖ ನೋಡಿ ಹೊರಟುಹೋದರು.

ನಮ್ಮ ಮನೆಯ ಪದ್ಧತಿ ಅದು. ಹಿರಿಯನಿರುವಾಗ ಕಿರಿಯನ ಹೆಸರಿನಲ್ಲಿ ಏನನ್ನೂ ಕೊಳ್ಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಅನಂತ ತಾನು ದುಡಿದ ಹಣದಲ್ಲಿ ಕಾರು ಕೊಂಡಾಗ ನಾನೇ, "ನಿನ್ನ ಹೆಸರಿಗೆ ಮಾಡಿಸಿಕೊ," ಎಂದಿದ್ದೆ. ಅವನು ನಾಲಿಗೆ ಕಚ್ಚಿಕೊಂಡು, "ನೀನಿರುವಾಗ ನನ್ನ ಹೆಸರಿಗೇ ಅಣ್ಣ?" ಎಂದ. ನನಗೆ ಗಾಡಿ ಓಡಿಸಲು ಬಾರದು. ಲೈಸೆನ್ಸೂ ಇಲ್ಲ. ಆದರೂ ಅಂದು ನನಗೆ ಒಳಗೊಳಗೇ ಸಂತೋಷವಾಯಿತು. ಅದನ್ನು ಮುಚ್ಚಿಡುವುದಿಲ್ಲ.

ವೈಕುಂಠ ಸಮಾರಾಧನೆ ಮುಗಿದ ಮರುದಿನ ವಿಮೆ ಏಜೆಂಟ್ ಕಿರಣ್‌ಕುಮಾರ್ ಬಂದ. ಕನ್ನಡ ಶಾಲೆಯಲ್ಲಿ ಐದನೆಯ ತರಗತಿಯಲ್ಲಿ ನನ್ನ ಕೈಯಲ್ಲಿ ಓದಿದವನು. ಅನಂತನ ಹೆಂಡತಿ ರಂಜಿನಿ ಗೋಡೆಗೆ ಒರಗಿ ಕುಳಿತಿದ್ದಳು. ಮಗಳು ಕೋಮಲಾ ಕಾಗದಗಳನ್ನು ಓದಿ ಹೇಳಲು ನನ್ನ ಪಕ್ಕದಲ್ಲಿದ್ದಳು. ಅವಳು ಕೃಷ್ಣಗಿರಿಯಲ್ಲಿ ನರ್ಸಿಂಗ್ ಓದುತ್ತಾಳೆ, ಇನ್ನೂ ಎರಡು ವರ್ಷವಿದೆ. ಅನಂತ ಕಾರ್ಖಾನೆಯ ಕೆಲಸ ಬಿಟ್ಟು ಒಂದು ವರ್ಷವಾಗಿತ್ತು. ಬಂದ ಹಣವೆಲ್ಲ ಮನೆಯ ರಿಪೇರಿಗೆ ಹೋಗಿತ್ತು. ನನ್ನ ಪಿಂಚಣಿಯಲ್ಲಿ ಎಲ್ಲರ ಊಟ ನಡೆಯುತ್ತದೆ, ಕಾಲೇಜು ನಡೆಯುವುದಿಲ್ಲ. ಅನಂತನ ಪ್ರಾಣಕ್ಕೆಂದು ಏನಾದರೂ ಬಂದರೆ ಮಾತ್ರ ಹುಡುಗಿಯ ಓದು ಮುಗಿಯುತ್ತಿತ್ತು.

"ಫುಲ್ ಇನ್ಶೂರೆನ್ಸ್ ಇದೆ ಅಂತ ಅವರು ಯಾವಾಗಲೂ ಹೇಳ್ತಿದ್ರು," ಎಂದಳು ರಂಜಿನಿ.

"ಇದೆ ಅಕ್ಕ, ಗಾಡಿಗೂ ಮನೆಗೂ ಇದೆ," ಎಂದ ಕಿರಣ್. "ಗಾಡಿಗೆ ಮರ ಬಿದ್ರೆ, ಬೆಂಕಿ ಬಿದ್ರೆ, ಕಳ್ಳ ಹೊಡ್ಕೊಂಡು ಹೋದ್ರೆ, ಪ್ರವಾಹದಲ್ಲಿ ಕೊಚ್ಕೊಂಡು ಹೋದ್ರೆ, ಎಲ್ಲಾ ಕವರ್. ನಮ್ಮ ಗಾಡಿಯಿಂದ ಬೇರೆಯವ್ರಿಗೆ ಪೆಟ್ಟಾದ್ರೂ ಕವರ್. ಮನೆ ಪಾಲಿಸೀಲಿ ಗೋಡೆ, ಚಾವಣಿ, ಒಳಗಿರೋ ಸಾಮಾನು. ಬಿರುಗಾಳಿ, ಸಿಡಿಲು, ಮರ ಬೀಳೋದು."

ಬಾಗಿಲಲ್ಲಿ ನಿಂತಿದ್ದ ಮುನಿವೆಂಕಟಪ್ಪ, "ಸಾನಮಾವು ಕಾಡಿಂದ ಆನೆ ಬಂದು ಗೋಡೆ ತಳ್ಳುದ್ರೆ?" ಎಂದ.

"ನಿನ್ನ ಮನೆಗೆ ಪಾಲಿಸಿ ಎಲ್ಲೈತಣ್ಣ? ಮೊದ್ಲು ಮಾಡ್ಸು, ಆಮೇಲೆ ಆನೆ ಕರ್ಸು."

ನಾನು ಕೇಳಿದೆ: "ಕಾರು ಆಯಿತು, ಗೋಡೆ ಆಯಿತು. ಮನುಷ್ಯನ ಮಾತು ಹೇಳಪ್ಪ."

ಅವನು ಕಾಗದ ತಿರುವಿದ. "ಗಾಡಿ ಪಾಲಿಸೀಲಿ ಒಂದು ಸಾಲು ಬರುತ್ತೆ ಮೇಷ್ಟ್ರೇ. ಗಾಡಿ ಓನರ್ರೇ ಓಡಿಸ್ತಾ ತೀರಿಕೊಂಡ್ರೆ ದುಡ್ಡು ಬರುತ್ತೆ. ಆದ್ರೆ ಓನರ್ ನೀವು."

"ಓಡಿಸಿದವನು ಅವನಲ್ಲವೇ?"

"ಓಡಿಸಿದ್ರೆ ಸಾಲದು, ಗಾಡಿ ಅವ್ರ ಹೆಸರಲ್ಲೇ ಇರ್ಬೇಕು."

"ಹಾಗಾದರೆ ನಾನು ಕಾರಿನಲ್ಲಿ ಸತ್ತಿದ್ದರೆ?"

"ದೊಡ್ಡಪ್ಪ!" ಎಂದಳು ಕೋಮಲಾ.

"ನಿಮಗೂ ಇಲ್ಲ ಮೇಷ್ಟ್ರೇ, ನಿಮಗೆ ಲೈಸೆನ್ಸ್ ಇಲ್ಲ. ಅದಕ್ಕೇ ಆ ಸಾಲು ನಿಮ್ಮ ಪಾಲಿಸೀಲಿ ಹಾಕೇ ಇಲ್ಲ. ಪಕ್ಕದಲ್ಲಿ ಕೂತೋರಿಗೆ ಬೇರೆ ಕಟ್ಬೇಕು. ಅದನ್ನೂ ಕಟ್ಟಿಲ್ಲ."

ಹನ್ನೊಂದು ವರ್ಷ ಅನಂತ ತಪ್ಪದೆ ವಿಮೆ ಕಟ್ಟಿದ ಕಾರು ಅದರೊಳಗಿದ್ದ ಯಾರನ್ನೂ ಕಾಯುತ್ತಿರಲಿಲ್ಲ. ನನಗೆ ಅದು ಅರ್ಥವಾಗಲು ಬಹಳ ಹೊತ್ತು ಹಿಡಿಯಿತು. ಇನ್ನೊಮ್ಮೆ ಹೇಳು ಎಂದೆ. ಅವನು ಇನ್ನೊಮ್ಮೆ ಹೇಳಿದ. ಚಿಕ್ಕಂದಿನಲ್ಲಿ ಅವನಿಗೆ ನಾನು ಭಾಗಾಕಾರ ಹೇಳಿಕೊಟ್ಟಷ್ಟೇ ತಾಳ್ಮೆಯಿಂದ ಹೇಳಿದ. ಆದರೂ ಮನಸ್ಸು ಒಪ್ಪಲಿಲ್ಲ.

ಕೋಮಲಾ ಮನೆಯ ಪಾಲಿಸಿ ತೆಗೆದು ಓದತೊಡಗಿದಳು. ಅದರ ಕೊನೆಯಲ್ಲಿ ಅವಳ ಬೆರಳು ನಿಂತಿತು. "ಇಲ್ಲೊಂದು ಇದೆ ದೊಡ್ಡಪ್ಪ. ಮನೆಗೆ ಹಾನಿಯಾದಾಗ ಜೀವ ಹೋದರೆ ಇಷ್ಟು ಅಂತ. ಅಪ್ಪ ಇದಕ್ಕೆ ಬೇರೆ ಕಟ್ಟಿದ್ದಾರೆ."

ರಂಜಿನಿ ನೆಟ್ಟಗೆ ಕುಳಿತಳು. ನಾನು ಕಣ್ಣು ಮುಚ್ಚಿ ನಾರಾಯಣನನ್ನು ನೆನೆದೆ.

"ಯಾರ ಜೀವ ಅಂತ ಓದಮ್ಮ," ಎಂದ ಕಿರಣ್, ಮೆಲ್ಲಗೆ.

ಅವಳು ಓದಿದಳು. ಪಾಲಿಸಿ ಯಾರ ಹೆಸರಿನಲ್ಲಿದೆಯೋ ಅವರು ಮತ್ತು ಅವರ ಹೆಂಡತಿ. ಎಂದರೆ ನಾನು ಮತ್ತು ಒಳಗೆ ಅಡುಗೆ ಮಾಡುತ್ತಿದ್ದ ನನ್ನ ಹೆಂಡತಿ ಜಾನಕಮ್ಮ. ತನ್ನ ದುಡ್ಡಿನಲ್ಲಿ ಅವನು ನಮ್ಮಿಬ್ಬರಿಗೆ ಕಾವಲು ಇಟ್ಟಿದ್ದ. ತನ್ನನ್ನೂ ತನ್ನವರನ್ನೂ ಹೊರಗಿಟ್ಟಿದ್ದ. ತಿಳಿದೇ ಮಾಡಿದನೋ, ಅಣ್ಣನ ಹೆಸರು ಬರೆಸಿದರೆ ಎಲ್ಲರದೂ ಅದರಲ್ಲಿ ಬಂದಂತೆಯೇ ಎಂದುಕೊಂಡನೋ, ಕೇಳಲು ಅವನಿಲ್ಲ.

ಆಮೇಲೆ ಕಿರಣ್ ಮುನಿವೆಂಕಟಪ್ಪನನ್ನು ಕಾಫಿ ತರಲು ಒಳಗೆ ಕಳಿಸಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಒಂದು ದಾರಿ ಇದೆ ಮೇಷ್ಟ್ರೇ. ಗಾಡಿ ಪಾಲಿಸೀಲಿ ಸಂಬಳದ ಡ್ರೈವರ್‌ಗೆ ಕವರ್ ಇದೆ, ಐವತ್ತು ರೂಪಾಯಿ ಕಟ್ಟಿದ್ದಾರೆ. ಅನಂತ್ ಸಾರ್ ನಿಮ್ಮ ಹತ್ರ ಡ್ರೈವರ್ ಆಗಿದ್ರು, ತಿಂಗಳಿಗೆ ಇಷ್ಟು ಸಂಬಳ ಕೊಡ್ತಿದ್ದೆ ಅಂತ ನೀವೊಂದು ಕಾಗದ ಬರ್ಕೊಡಿ. ಮಿಕ್ಕಿದ್ದು ನಾನು ನೋಡ್ಕೊತೀನಿ. ಅಕ್ಕನಿಗೆ ದೊಡ್ಡ ಮೊತ್ತ ಬರುತ್ತೆ. ನಿಮ್ಮ ಕೈಯಿಂದ ಏನೂ ಹೋಗಲ್ಲ."

ನನ್ನ ಮುಂದೆ ಬಿಳಿಯ ಹಾಳೆ ಇಟ್ಟ. ನಾನು ಪೆನ್ನು ತೆಗೆದುಕೊಂಡೆ. ಅದನ್ನೂ ಮುಚ್ಚಿಡುವುದಿಲ್ಲ. ನನಗೆ ಆಗ ಅದು ಪೂರಾ ಸುಳ್ಳೆಂದು ತೋರಲಿಲ್ಲ. ಮುಂದಿನ ಸೀಟಿನಲ್ಲಿ ಕಾಲು ಚಾಚಲು ಆಗುವುದಿಲ್ಲವೆಂದು ನಾನು ಯಾವಾಗಲೂ ಹಿಂದೆ ಕುಳಿತುಕೊಳ್ಳುತ್ತಿದ್ದೆ. ಅವನು ಬಾಗಿಲು ತೆಗೆಯುತ್ತಿದ್ದ, ಬಾಗಿಲು ಹಾಕುತ್ತಿದ್ದ. ದೇವಸ್ಥಾನಕ್ಕೆ, ಆಸ್ಪತ್ರೆಗೆ, ಅಂಚೆಟ್ಟಿಯ ನೆಂಟರ ಮನೆಗೆ, ಎಲ್ಲಿಗೆಂದರೆ ಅಲ್ಲಿಗೆ. ನಾನು ಒಳಗೆ ಉಂಡು ಹೊರಬರುವವರೆಗೆ ಎಷ್ಟೋ ಸಲ ಗಾಡಿಯ ಬಳಿಯೇ ನಿಂತಿರುತ್ತಿದ್ದ. ಇದಕ್ಕೆ ಬೇರೆ ಏನು ಹೆಸರು?

"ರಂಜಿನಿ, ನೀನು ಹೇಳಮ್ಮ. ಬರೆಯಲೇ?" ಎಂದೆ.

ಅವಳು ತಲೆ ಎತ್ತಿದಳು. "ಸಂಬಳ ಎಷ್ಟು ಕೊಡ್ತಿದ್ರಿ ಭಾವ?"

ನಾನು ಪೆನ್ನು ಕೆಳಗಿಟ್ಟೆ.

"ಕೊಡಲಿಲ್ಲ ಅಲ್ವಾ? ಮನೆಯವರು ಅಂತ ತಾನೇ ಕೊಡಲಿಲ್ಲ? ಈಗ ಆಳು ಅಂತ ಬರೆದ್ರೆ ಅದೂ ಹೋಗುತ್ತೆ."

"ಅಮ್ಮಾ, ನನ್ನ ಓದು..." ಎಂದು ಕೋಮಲಾ ಶುರು ಮಾಡಿ ನಿಲ್ಲಿಸಿದಳು.

"ಗೊತ್ತು ಕಣೆ," ಎಂದಳು ರಂಜಿನಿ. "ನಿಮ್ಮಪ್ಪನ್ನ ಆಳು ಮಾಡಿ ಓದ್ತೀಯಾ? ಓದ್ತೀನಿ ಅಂದ್ರೆ ನಾನು ಬೇಡ ಅನ್ನಲ್ಲ. ನೀನೇ ಹೇಳಿಬಿಡು."

ಹುಡುಗಿ ಬಹಳ ಹೊತ್ತು ಕಾಗದವನ್ನೇ ನೋಡುತ್ತಿದ್ದಳು. ಕೊನೆಗೆ ಬಿಳಿಯ ಹಾಳೆಯನ್ನು ಎರಡಾಗಿ ಮಡಿಸಿ ಕಿರಣನ ಕೈಗೆ ಕೊಟ್ಟಳು. ಅವನು ಬೇಸರಪಟ್ಟುಕೊಳ್ಳಲಿಲ್ಲ. "ನಿಮ್ಮ ಮನೆಯೋರೇ ಹಿಂಗೆ," ಎಂದು ಫಾರಂ ಮುಂದಿಟ್ಟ. ಓಡಿಸುತ್ತಿದ್ದವರಿಗೂ ಮಾಲೀಕರಿಗೂ ಏನು ಸಂಬಂಧ ಎಂಬ ಕಡೆ 'ತಮ್ಮ' ಎಂದು ಬರೆದು ಸಹಿ ಹಾಕಿದೆ.

ಕಾರಿನ ಹಣವೂ ಗೋಡೆಯ ಹಣವೂ ಬರುತ್ತವಂತೆ. ಎರಡೂ ನನ್ನ ಹೆಸರಿಗೇ ಬರುತ್ತವೆ. ಬಂದ ದಿನವೇ ಕಾರಿನದನ್ನು ರಂಜಿನಿಯ ಹೆಸರಿಗೆ ಹಾಕುತ್ತೇನೆ. ಗೋಡೆ ಮುರಿದೇ ಇರಲಿ, ಅದೂ ಅವಳಿಗೇ. ಹಳೆಯ ಕಾರು, ಅದರಿಂದ ಹುಡುಗಿಗೆ ಒಂದು ವರ್ಷ ನಡೆದೀತು. ಮುಂದಿನ ವರ್ಷಕ್ಕೆ ಈ ಮನೆಯಲ್ಲಿ ಅರ್ಧವನ್ನು ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ಬೇಕಾದರೆ ಅದರ ಮೇಲೆ ಸಾಲ ತೆಗೆ ಎಂದು ರಂಜಿನಿಗೆ ಹೇಳಿದೆ. ನಾನು ಮಾಡಿದ್ದು ಧರ್ಮವೋ, ಆ ತಾಯಿ ಮಗಳ ಅನ್ನವನ್ನು ತಳ್ಳಿದ ತಪ್ಪೋ, ನನಗೆ ತಿಳಿಯದು. ಗೀತೆಯ ಪುಟ ತೆರೆದು ಕುಳಿತೆ. ಅಕ್ಷರಗಳು ಕಂಡವು, ಉತ್ತರ ಕಾಣಲಿಲ್ಲ.

ಈಗ ಸಂಧ್ಯಾವಂದನೆ ಮುಗಿಸಿ ದೇವರ ಮುಂದೆ ಕೈ ಮುಗಿದಿದ್ದೇನೆ. ಶ್ರೀಮನ್ನಾರಾಯಣ, ನನ್ನ ತಿಳಿಗೇಡಿತನವನ್ನು ನನ್ನ ಲೆಕ್ಕಕ್ಕೆ ಬರೆದುಕೊ, ಅವನ ಲೆಕ್ಕಕ್ಕೆ ಬೇಡ. ಆ ಹೊತ್ತಿನ ನೋವು ಅವನ ಜೀವಕ್ಕೆ ಅಂಟದಿರಲಿ. ಹೆಂಡತಿ ಮಗಳ ಚಿಂತೆ ಅವನನ್ನು ಹಿಂದಕ್ಕೆ ಎಳೆಯದಿರಲಿ. ನನ್ನ ತಮ್ಮ ಅನಂತನಿಗೆ ನಿನ್ನ ಪಾದದಲ್ಲಿ ಎಡೆ ಕೊಡು, ಶಾಂತಿ ಕೊಡು.