ಜೀಪಿನಡಿಯ ಬಾಣಂತನ

ಆ ದಿನ ಮಧ್ಯಾಹ್ನ ಒಂದು ಗಂಟೆಯೊಳಗೆ ಹುಲಗೇಶ ಹಿಮಾಯತ್‌ನಗರದ ಆಫೀಸಿಗೆ ಹೋಗಿ ಹೆಬ್ಬೆಟ್ಟು ಒತ್ತಲೇಬೇಕಿತ್ತು. ಒತ್ತಿದರೆ ಏಳು ವರ್ಷದ ದಿನಗೂಲಿ ಮುಗಿದು ನೌಕರಿ ಕಾಯಂ. ತಪ್ಪಿದರೆ ತಿಂಗಳ ಕೊನೆಗೆ ಮನೆಯ ದಾರಿ. ಹೆಂಡತಿ ಗುಂಡಮ್ಮ ಕಾಗದಪತ್ರದ ಫೈಲು ಹಿಡಿದು ಬೆಳಿಗ್ಗೆಯೇ ಅಲ್ಲಿ ಪಾಳಿ ಹಚ್ಚಿದ್ದಳು. ಈ ಪುಣ್ಯಾತ್ಮನೋ, ಉಪ್ಪಲ್ ದಾಟಿದ ಮೇಲೆ ಸಿಗುವ ಬಯಲು ಮೃಗಾಲಯದಲ್ಲಿ, ಸಿಂಹಗಳ ಬೇಲಿಯೊಳಗೆ, ಜಾಲರಿ ಜೀಪಿನಲ್ಲಿ ಕುಳಿತು ಬೆವರುತ್ತಿದ್ದ.

ತಪ್ಪು ಅವನದೇ, ಬಿಡಿ. ಎದ್ದವನೇ ನೆಟ್ಟಗೆ ಆಫೀಸಿಗೆ ಹೋಗಬಹುದಿತ್ತು. ಆದರೆ ಮರಿ ಹಾಕಿ ಹದಿನೈದು ದಿನವಾಗಿದ್ದ ಸಿಂಹಿಣಿಯ ಹತ್ತಿರ ಇವನ ಜೀಪು ಬಿಟ್ಟು ಬೇರೆ ಗಾಡಿ ಸುಳಿಯಕೂಡದೆಂದು ಡಾಕ್ಟರರ ಕಟ್ಟಪ್ಪಣೆ. ಬೆದರಿದ ತಾಯಿ ಮರಿಗಳನ್ನು ಬಿಟ್ಟೇ ಬಿಡುತ್ತದಂತೆ. ಹಾಗಾಗಿ ದಿನಾ ಅದೇ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ, ಅದರ ಪಾಲಿನ ಮಾಂಸ ಹಾಕಿ, ಪೊದೆಯ ಕಡೆ ತಿರುಗಿ, "ಉಂಡೇನವ್ವಾ? ಹಾಲು ಸಾಕಾಗಾಕತ್ತಾವೇನು?" ಎಂದು ತವರಿನವರಂತೆ ವಿಚಾರಿಸುವುದು ಇವನ ಚಾಳಿ. ಎಲ್ಲಿಂದಲೋ ಲಾರಿಯಲ್ಲಿ ಬಂದ ಪ್ರಾಣಿಗೆ ರಾಯಚೂರಿನ ಮಾತು! ಅದಕ್ಕೆ ಹಿಡಿಸಿತ್ತೆಂದು ಕಾಣುತ್ತದೆ.

ಹತ್ತು ಗಂಟೆಗೆ ಹೊರಡಬೇಕೆಂದು ಕೀಲಿಗೆ ಕೈ ಹಾಕಿದ್ದನಷ್ಟೆ. ಸಿಂಹಿಣಿ ಪೊದೆಯಿಂದೆದ್ದು, ಒಂದು ಮರಿಯನ್ನು ಬಾಯಲ್ಲಿ ಕಚ್ಚಿ ತಂದು ಜೀಪಿನಡಿ ಇಟ್ಟಿತು. ಹೋಗಿ ಇನ್ನೊಂದು ತಂತು. ಮತ್ತೊಂದು ತಂತು. ಆಮೇಲೆ ಬಾಗಿಲ ಬುಡದಲ್ಲೇ ತಾನೂ ಮೈಚಾಚಿತು. ಇನ್ನು ಗಾಡಿ ಒಂದು ಗೇಣು ಸರಿದರೂ ಯಾವ ಮರಿ ಯಾವ ಗಾಲಿಗೆ ಸಿಗುತ್ತದೋ ಶಿವನೇ ಬಲ್ಲ. ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದರಲ್ಲಿ ಓಡಲು ಕಾಲಾದರೂ ಇರುತ್ತವೆ!

ಮೇಲ್ವಿಚಾರಕ ಕಲ್ಯಾಣಪ್ಪನಿಗೆ ಫೋನು ಹಚ್ಚಿದ.

"ಅಲ್ಲಾಡಬ್ಯಾಡಪ್ಪಾ!" ಎಂದ ಅವನು. "ಒಂದು ಮರಿಗೆ ಹೆಚ್ಚುಕಡಿಮಿ ಆದ್ರ ನನ್ನ ಕೊರಳಿಗೆ ಬರ್ತೈತಿ."

"ನನ್ನ ಹೆಬ್ಬೆಟ್ಟು, ಸಾಹೇಬ್ರ?"

"ಅದು ನನ್ನ ಕೈಯಾಗ ಇಲ್ಲ."

ಹನ್ನೊಂದಾಯಿತು. ಮೇ ತಿಂಗಳ ತಗಡು ಕಾದು ಕಾವಲಿಯಾಯಿತು. ಬಾಟಲಿಯ ನೀರು ಮುಗಿಯಿತು. ಹನ್ನೊಂದೂಮುಕ್ಕಾಲಿಗೆ ಸಿಂಹಿಣಿ ಎದ್ದು ಒಂದು ಮರಿಯನ್ನು ಹಳ್ಳದಾಚೆಯ ಪೊದೆಗೆ ಒಯ್ದಿತು, ಬಂದು ಇನ್ನೊಂದನ್ನು ಒಯ್ದಿತು. ಹುಲಗೇಶನಿಗೆ ಹೋದ ಜೀವ ಬಂದಂತಾಯಿತು. ಈಗ ಹೊರಟರೂ ಮುಟ್ಟಬಹುದು! ಆದರೆ ಅದು ಅಲ್ಲೇ ಆ ಎರಡನ್ನು ನೆಕ್ಕುತ್ತ ಮಲಗಿಬಿಟ್ಟಿತು. ಮೂರನೆಯದು ಕೆಳಗೆಲ್ಲೋ ಕುಂಯ್ಗುಡುತ್ತಿತ್ತು.

"ಬಾರವ್ವಾ, ನಿನ್ನ ಕಾಲಿಗೆ ಬೀಳ್ತೀನಿ," ಎಂದ. ಅದು ಕಿವಿಯನ್ನೂ ನಿಮಿರಿಸಲಿಲ್ಲ.

ಗುಂಡಮ್ಮನ ಫೋನು ಬಂತು. "ರೀ, ನಮ್ಮ ಮುಂದ ನಾಕೇ ಮಂದಿ ಅದಾರ. ಎಲ್ಲಿ ಬಂದ್ರಿ?"

"ಇನ್ನೂ ಇಲ್ಲೇ ಅದೀನಿ. ಒಂದು ಮರಿ ಗಾಡಿ ಕೆಳಗ ಐತಿ."

"ಯಾವ ಮರಿ, ಏನ್ ಮರಿ! ಗಾಡಿ ಚಾಲೂ ಮಾಡ್ರಿ!"

ಕೀಲಿ ತಿರುಗಿಸಿದ. ಎಂಜಿನ್ ಗುಡುಗಿತು, ಕೆಳಗಿನ ಕುಂಯ್ ಒಮ್ಮೆಲೇ ನಿಂತಿತು. ಎಂಜಿನ್ ಆರಿಸಿ, ಉಸಿರು ಬಿಗಿಹಿಡಿದು ಕಿವಿಗೊಟ್ಟ. ಬಹಳ ಹೊತ್ತಿನ ಮೇಲೆ ಮತ್ತೆ ಕುಂಯ್ ಅಂತು. ಹುಲಗೇಶ ಸ್ಟೇರಿಂಗಿಗೆ ಹಣೆ ಹಚ್ಚಿ ಅತ್ತುಬಿಟ್ಟ, ಮರಿ ಬದುಕಿದೆ ಎಂದೋ ತಾನು ಕೆಟ್ಟೆ ಎಂದೋ ಅವನಿಗೇ ತಿಳಿಯಲಿಲ್ಲ.

ಸಿಂಹಿಣಿ ಬಂದದ್ದು ಒಂದೂಕಾಲಿಗೆ. ಸಂತೆಯಲ್ಲಿ ಮರೆತ ಚೀಲ ಒಯ್ಯುವವರಂತೆ ಮರಿಯನ್ನು ಕಚ್ಚಿಕೊಂಡು, ಇವನತ್ತ ತಿರುಗಿಯೂ ನೋಡದೆ ಹೋಯಿತು.

ಅವನೇ ಫೋನು ಮಾಡಿದ. ಗುಂಡಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಆಫೀಸಿನ ಕಿಡಕಿ ಮುಚ್ಚಿದ್ರು," ಎಂದಳು. "ಮರಿ?"

"ಮೂರೂ ಉಳಿದ್ವು."

ಆಚೆ ಕಡೆ ಬಸ್ಸಿನ ಹಾರ್ನು, ಮಂದಿಯ ಗದ್ದಲ. ಅದರ ನಡುವೆ ಅವಳು ಮೆಲ್ಲಗೆ ಅಂದಳು:

"ನನ್ನ ಎರಡೂ ಬಾಣಂತನಕ್ಕ ನೀವು ಒಂದಿನಾನೂ ಬರಲಿಲ್ರಿ. ಬಂದ್ರ ನೌಕರಿ ಹೋಗ್ತೈತಿ ಅಂದಿದ್ರಿ."