ಛಾವಣಿಯ ಎತ್ತರ

ಗಾಡಿಯನ್ನು ಆರಿಸಿದವಳು ತಂಗಿ. ಅಡುಗೆಗಾಡಿಗಳನ್ನು ಮಾರುವ ಅಂಗಳದಲ್ಲಿ ಆಕೆ ಒಲೆಯ ಅಗಲ, ಫ್ರಿಜ್ಜಿನ ಆಳ, ಕಿಟಕಿಯ ಉದ್ದ ಎಲ್ಲವನ್ನೂ ಟೇಪು ಹಿಡಿದು ಅಳೆದಿದ್ದಳು. ಒಳಗೆ ನಿಂತು ಬೇಯಿಸಬೇಕಾದ ಅಣ್ಣ ಛಾವಣಿಗೆ ತಲೆ ತಾಗಿಸಿಕೊಂಡು ಕತ್ತು ಬಗ್ಗಿಸಿದ್ದನ್ನೂ ನೋಡಿದ್ದಳು. ಪಕ್ಕದಲ್ಲೇ ಎತ್ತರದ ಗಾಡಿಯೊಂದಿತ್ತು. ಆದರೆ ಅದರ ಫ್ರಿಜ್ಜು ಚಿಕ್ಕದು. ಅದನ್ನು ಕೊಂಡರೆ ದಿನಬೆಳಗಾದರೆ ಮಾರುಕಟ್ಟೆಗೆ ಓಡುವ ಕೆಲಸ ಆಕೆಯ ತಲೆಗೇ ಬರುತ್ತಿತ್ತು. "ಅಭ್ಯಾಸ ಆಗುತ್ತೆ ಬಿಡಣ್ಣ" ಎಂದು ನಕ್ಕು ಮಾತು ಮುಗಿಸಿದ್ದಳು.

ವರ್ಷ ತುಂಬುವಷ್ಟರಲ್ಲಿ ವ್ಯಾಪಾರ ಕೈಹಿಡಿಯಿತು. ಕಾರ್ಖಾನೆಯ ಗೇಟಿನೆದುರು ಮಧ್ಯಾಹ್ನ ಸಾಲು ನಿಲ್ಲುತ್ತಿತ್ತು. ಅಣ್ಣ ತಲೆ ತಗ್ಗಿಸಿಕೊಂಡೇ ಆಮ್ಲೆಟ್ ಮಗುಚುತ್ತಿದ್ದ.

"ಏನಮ್ಮಾ, ನಿಮ್ಮಣ್ಣ ಮದುವಣಗಿತ್ತಿ ಥರ ತಲೆನೇ ಎತ್ತಲ್ವಲ್ಲ!" ಎಂದು ಒಂದು ದಿನ ಗೇಟಿನ ವಾಚ್‌ಮನ್ ಛೇಡಿಸಿದ.

ಸಾಲಿನವರೆಲ್ಲ ನಕ್ಕರು. ಅಣ್ಣನೂ ನಕ್ಕ. ಆಕೆ ಮಾತ್ರ ನಗದೆ, ಆರ್ಡರ್ ಬರೆಯುವುದನ್ನು ಬಿಟ್ಟು ಗಾಡಿ ಹತ್ತಿದಳು.

"ಅಣ್ಣಾ, ಒಲೆ ನಾನು ನೋಡ್ಕೋತೀನಿ. ನೀನು ಹೊರಗೆ ನಿಂತು ಆರ್ಡರ್ ತಗೋ."

"ಆಮ್ಲೆಟ್ ಸೀದ್ರೆ?"

"ಬೈಸ್ಕೋತೀನಿ. ನನ್ನ ತಲೆಗೆ ಛಾವಣಿ ತಾಗಲ್ಲ. ನೀನು ಬಗ್ಗಿದ್ದು ಅವತ್ತೇ ನೋಡಿದ್ದೆ ಕಣಣ್ಣ. ಫ್ರಿಜ್ಜಿನ ಆಸೆಗೆ ಬಾಯಿ ಮುಚ್ಕೊಂಡೆ."

"ಗೊತ್ತು. ಈಗ್ಲೂ ಬಾಯಿ ಮುಚ್ಕೊಂಡು ಮೊಟ್ಟೆ ಒಡಿ" ಎನ್ನುತ್ತ ಅವನು ಕೆಳಗಿಳಿದ.

ಆಕೆ ಕಿಟಕಿಯಿಂದ ನೋಡಿದಳು. ಅಣ್ಣ ಬಟಾಬಯಲಿನಲ್ಲಿ, ಸಾಲಿನ ಪಕ್ಕ ನಿಂತಿದ್ದ. ತಲೆಯ ಮೇಲೆ ಆಕಾಶವಲ್ಲದೆ ಬೇರೇನೂ ಇರಲಿಲ್ಲ. ಆದರೂ ಅವನ ಕತ್ತು ನೆಟ್ಟಗಾಗಲಿಲ್ಲ. ಗಾಡಿಯೊಳಗೆ ಎಷ್ಟು ಬಾಗಿತ್ತೋ ಅಷ್ಟೇ ಬಾಗಿಕೊಂಡಿತ್ತು.